ಬೀದರ್‌ನಿಂದ ಶಿವಮೊಗ್ಗಕ್ಕೆ: 490 ಕಿಲೋಮೀಟರ್ ದೂರಕ್ಕೆ ಯಾವ ದಾರಿ ಸರಿ?

ಕರ್ನಾಟಕದ ಭೂಪಟದ ಮೇಲೆ ಬೀದರ್ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ, ಅದು ಚಿತ್ತಾಪುರದ ಮೇಲೆ ಹಾದು, ಶಹಾಪುರವನ್ನು ತುಸು ಪಶ್ಚಿಮಕ್ಕೆ ಬಿಟ್ಟು, ಕೃಷ್ಣೆಯನ್ನು ದಾಟಿ, ತುಂಗಭದ್ರಾ ಜಲಾಶಯದ ಹಿನ್ನೀರಿನ ಮೇಲಿಂದ ಹರಪನಹಳ್ಳಿಯ ಬಳಿಗೆ ಬಂದು, ದಾವಣಗೆರೆಯ ನೆತ್ತಿಯ ಮೇಲೆ ಸಾಗಿ ಸೋಗಾನೆಯನ್ನು ಮುಟ್ಟುತ್ತದೆ. ಆ ದಾರದ ಉದ್ದ ಸುಮಾರು 490 ಕಿ.ಮೀ.; ವೈಮಾನಿಕರ ಲೆಕ್ಕದಲ್ಲಿ 265 ನಾಟಿಕಲ್ ಮೈಲಿ. ದೂರ ಮತ್ತು ಹಾರಾಟದ ಅವಧಿಯನ್ನು ಲೆಕ್ಕ ಹಾಕಿಕೊಡುವ ಜಾಲತಾಣಗಳಲ್ಲಿ ಈ ಎರಡು ಹೆಸರುಗಳನ್ನು ಕೊಟ್ಟರೆ ಒಂದು ಗಂಟೆಯ ಆಸುಪಾಸಿನ ಉತ್ತರ ಬರುತ್ತದೆ. ಉತ್ತರದಲ್ಲಿ ತಪ್ಪಿಲ್ಲ. ಆದರೆ ಆ ಒಂದು ಗಂಟೆಯಲ್ಲಿ ನಿಮ್ಮನ್ನು ಕರೆದೊಯ್ಯುವ ವಿಮಾನವೇ ಇಲ್ಲ, ಏಕೆಂದರೆ ಬೀದರ್ ಮತ್ತು ಶಿವಮೊಗ್ಗದ ನಡುವೆ ನೇರ ವಿಮಾನ ಸಂಚಾರವಿಲ್ಲ. ಹಾಗಾಗಿ ನಿಜವಾಗಿ ಆಯ್ದುಕೊಳ್ಳಬೇಕಾದದ್ದು ಬೆಂಗಳೂರಿನ ಮೂಲಕ ಹಾರುವುದು, ಹೈದರಾಬಾದಿನ ಮೂಲಕ ಹಾರುವುದು, ರೈಲು ಮತ್ತು ರಸ್ತೆ ಈ ನಾಲ್ಕರ ನಡುವೆ.

ಮಗಳನ್ನು ಶಿವಮೊಗ್ಗದ ಕಾಲೇಜಿಗೆ ಸೇರಿಸಿರುವ ಬೀದರಿನ ತಂದೆತಾಯಿಗಳು, ವರ್ಗಾವಣೆಯಾಗಿ ಬಂದಿರುವ ನೌಕರರು, ಜೋಗ ನೋಡಲು ಹೊರಟವರು, ಬಸವಕಲ್ಯಾಣಕ್ಕೆ ಬರುವ ಮಲೆನಾಡಿನ ಭಕ್ತರು, ಹೀಗೆ ಈ ಎರಡು ಜಿಲ್ಲೆಗಳ ನಡುವೆ ಓಡಾಡುವವರು ಎಂದಿಗೂ ಕಡಿಮೆಯಿರಲಿಲ್ಲ. ಶಿಕಾರಿಪುರ ಸೀಮೆಯ ಉಡುತಡಿಯಿಂದ ಅಕ್ಕಮಹಾದೇವಿ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ನಡೆದುಹೋದದ್ದೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ.

ಹಾರಾಟದ ಅವಧಿ ಎಂದರೆ ಏನು?

ಮೊದಲು ಆ ಒಂದು ಗಂಟೆಯನ್ನೇ ಬಿಡಿಸಿ ನೋಡೋಣ. ಲೆಕ್ಕದ ಜಾಲತಾಣಗಳು ಸಾಮಾನ್ಯವಾಗಿ ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನವನ್ನು ಊಹಿಸಿಕೊಂಡು, ಏರುವುದಕ್ಕೂ ಇಳಿಯುವುದಕ್ಕೂ ಒಟ್ಟು ಅರ್ಧ ಗಂಟೆ ಸೇರಿಸುತ್ತವೆ, 490 ಕಿ.ಮೀ.ಗೆ ಈ ಸೂತ್ರದಿಂದ 67 ನಿಮಿಷ ಬರುತ್ತದೆ. ಆದರೆ ನಮ್ಮ ಸಣ್ಣ ನಿಲ್ದಾಣಗಳಿಗೆ ಬರುವ ವಿಮಾನಗಳೆಲ್ಲ ಜೆಟ್‌ಗಳಲ್ಲ. ಶಿವಮೊಗ್ಗ-ಬೆಂಗಳೂರು ಮಾರ್ಗವನ್ನು ಆರಂಭಿಸಿದ್ದು ರೆಕ್ಕೆಗೆ ಪಂಖ ಕಟ್ಟಿದ, 78 ಆಸನಗಳ ಎಟಿಆರ್ 72. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಬೀದರ್-ಬೆಂಗಳೂರು ಮಾರ್ಗದಲ್ಲಿ ಹಾರಿರುವ ಎಂಬ್ರೇಯರ್ 175 ಜೆಟ್ ವಿಮಾನ. ಅದರ ವೇಗ ಗಂಟೆಗೆ 800 ಕಿ.ಮೀ.ಗಿಂತ ಹೆಚ್ಚು. ಒಂದೇ ದೂರಕ್ಕೆ ಇವೆರಡರ ನಡುವೆ ಸುಮಾರು 25 ನಿಮಿಷಗಳ ವ್ಯತ್ಯಾಸ ಬೀಳುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನೇರ ದೂರ ಸುಮಾರು 240 ಕಿ.ಮೀ.; ಎಟಿಆರ್‌ನ ವೇಗದಲ್ಲಿ ಇದು 29 ನಿಮಿಷದ ದಾರಿ. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯಿಂದ ಒಂದೂಕಾಲು ಗಂಟೆಯವರೆಗೆ ತೋರಿಸಿರುತ್ತಾರೆ. ಉಳಿದ 30-45 ನಿಮಿಷ ಎಲ್ಲಿ ಹೋಯಿತು ಎಂದರೆ, ವಿಮಾನ ನಿಂತ ಜಾಗದಿಂದ ಕದಲಿ ರನ್‌ವೇ ಮುಟ್ಟುವುದು, ಸರದಿಗೆ ಕಾಯುವುದು, ನಿಧಾನವಾಗಿ ಮೇಲೇರುವುದು, ಇಳಿಯುವ ದಿಕ್ಕಿಗೆ ಸುತ್ತು ಹಾಕಿ ಬರುವುದು ಮತ್ತೆ ನಿಲ್ಲುವ ಜಾಗಕ್ಕೆ ಉರುಳಿಕೊಂಡು ಬರುವುದು, ಇವೆಲ್ಲವೂ ವೇಳಾಪಟ್ಟಿಯ ಅವಧಿಯೊಳಗೇ ಸೇರಿರುತ್ತವೆ. ಇದನ್ನು ಬ್ಲಾಕ್ ಅವಧಿ ಎನ್ನುತ್ತಾರೆ. ದೂರ ಇಮ್ಮಡಿಯಾದರೂ ಈ ಭಾಗ ಇಮ್ಮಡಿಯಾಗುವುದಿಲ್ಲ. ಆದ್ದರಿಂದ ಬೀದರ್-ಶಿವಮೊಗ್ಗ ನೇರ ವಿಮಾನವೊಂದು ಮುಂದೆ ಬಂದರೆ, ಎಟಿಆರ್‌ನಲ್ಲಿ ಒಂದೂವರೆ ಗಂಟೆ, ಜೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷ ಎಂದು ನಾನು ಅಂದಾಜು ಕಟ್ಟುತ್ತೇನೆ. ಕೊಚ್ಚಿಯಿಂದ ಲಕ್ಷದ್ವೀಪದ ಅಗತ್ತಿಗೆ ಸುಮಾರು 470 ಕಿ.ಮೀ.; ಎಟಿಆರ್ ವಿಮಾನ ಅಲ್ಲಿಗೂ ಒಂದೂವರೆ ಗಂಟೆಯ ಹತ್ತಿರ ಹತ್ತಿರ ತೆಗೆದುಕೊಳ್ಳುವುದರಿಂದ ಈ ಅಂದಾಜು ತೀರಾ ಹಳಿ ತಪ್ಪಿದ್ದಲ್ಲ ಎಂದು ನಂಬಬಹುದು. ಗಾಳಿಯ ಪ್ರಭಾವವನ್ನು ಇಲ್ಲಿ ಹೆಚ್ಚು ಲೆಕ್ಕಿಸಬೇಕಾಗಿಲ್ಲ: ನಮ್ಮ ದಾರಿ ಬಹುಮಟ್ಟಿಗೆ ಉತ್ತರ-ದಕ್ಷಿಣವಾಗಿದ್ದು, ಪೂರ್ವ-ಪಶ್ಚಿಮವಾಗಿ ಬೀಸುವ ಗಾಳಿ ಕೆಲವೇ ನಿಮಿಷಗಳ ಏರುಪೇರು ಮಾಡೀತು.

ಬ್ಲಾಕ್ ಅವಧಿಯಿಂದ ಪ್ರಯಾಣಿಕರಿಗೆ ನೇರವಾಗಿ ತಾಕುವ ವಿಷಯವೂ ಒಂದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಸಾಕಷ್ಟು ಮುಂಚಿತವಾಗಿ ತಿಳಿಸದೆ ಮತ್ತು ಬದಲಿ ವ್ಯವಸ್ಥೆ ಮಾಡದೆ ವಿಮಾನವನ್ನು ರದ್ದುಪಡಿಸಿದರೆ ಕೊಡಬೇಕಾದ ಪರಿಹಾರವನ್ನು ಈ ಅವಧಿಯಿಂದಲೇ ನಿರ್ಧರಿಸುತ್ತಾರೆ: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದ್ದಕ್ಕೆ 7,500 ರೂಪಾಯಿ, ಇಲ್ಲವೇ ಟಿಕೆಟ್ಟಿನ ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನದಂಥ ಕೈಮೀರಿದ ಕಾರಣಗಳಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ಮಳೆಗಾಲದ ಮೋಡ ಮತ್ತು ಚಳಿಗಾಲದ ಮುಂಜಾನೆಯ ಮಂಜು ಎರಡನ್ನೂ ಕಾಣುವ ಶಿವಮೊಗ್ಗಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಬೆಂಗಳೂರಿನ ಮೂಲಕ

ಬೀದರಿನ ವಿಮಾನ ನಿಲ್ದಾಣ ಮೂಲತಃ ವಾಯುಪಡೆಯ ತರಬೇತಿ ನೆಲೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಮನೆಯೂ ಅದೇ. ಅದರ ಒಂದು ಬದಿಯಲ್ಲಿ ನಾಗರಿಕರಿಗಾಗಿ ಕಟ್ಟಿದ ಟರ್ಮಿನಲ್ 2020ರ ಫೆಬ್ರವರಿ 7ರಂದು ಉದ್ಘಾಟನೆಯಾಯಿತು. ಬೆಂಗಳೂರಿನ ವಿಮಾನ ಆ ಬಳಿಕ ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಪುನಃ ಆರಂಭವಾಯಿತು. ಈ ಏರಿಳಿತವನ್ನು ಕಂಡವರು ಮೂರು ತಿಂಗಳು ಮೊದಲೇ ಟಿಕೆಟ್ ತೆಗೆದು ನಿಶ್ಚಿಂತೆಯಿಂದ ಇರುವುದಿಲ್ಲ. ಹೊರಡುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸಿಕೊಳ್ಳುತ್ತಾರೆ. ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ಶಿವಮೊಗ್ಗ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನ ಮೊದಲ ವಿಮಾನವನ್ನು ಕಂಡಿತು. ಅಲ್ಲಿನ ರನ್‌ವೇ ಮೂರು ಕಿ.ಮೀ.ಗಿಂತ ಉದ್ದವಿದ್ದು, ದೊಡ್ಡ ಜೆಟ್‌ಗಳೂ ಇಳಿಯಬಲ್ಲವು.

ದೂರದ ದೃಷ್ಟಿಯಿಂದ ನೋಡಿದರೆ ಇದು ಸುತ್ತು ದಾರಿ. ಬೀದರ್-ಬೆಂಗಳೂರು 520 ಕಿ.ಮೀ., ಬೆಂಗಳೂರು-ಶಿವಮೊಗ್ಗ 240 ಕಿ.ಮೀ.; ಒಟ್ಟು 760 ಕಿ.ಮೀ. ಎಂದರೆ ನೇರ ದೂರಕ್ಕಿಂತ 270 ಕಿ.ಮೀ. ಹೆಚ್ಚು. ಗಮನಿಸಿ, ಮೊದಲ ಹಾರಾಟವೊಂದೇ ನಿಮ್ಮ ಇಡೀ ಪಯಣದ ನೇರ ದೂರವನ್ನು ಮೀರಿಸುತ್ತದೆ. ಆದರೂ ಗಾಳಿಯಲ್ಲಿರುವ ಹೊತ್ತು ಎರಡೂ ಸೇರಿ ಎರಡೂವರೆ ಗಂಟೆ ಮಾತ್ರ. ಸಮಯ ಸೋರಿ ಹೋಗುವುದು ಬೆಂಗಳೂರಿನ ನೆಲದ ಮೇಲೆ.

ಎರಡೂ ಹಾರಾಟಗಳು ಬೇರೆ ಬೇರೆ ಸಂಸ್ಥೆಗಳವಾಗಿದ್ದು, ಟಿಕೆಟ್‌ಗಳನ್ನೂ ಬೇರೆ ಬೇರೆಯಾಗಿ ಕೊಂಡಿದ್ದರೆ, ನಿಮ್ಮ ಲಗೇಜು ತಾನಾಗಿ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಬೆಲ್ಟಿನ ಬಳಿ ನಿಂತು ಪೆಟ್ಟಿಗೆ ತೆಗೆದುಕೊಂಡು, ಹೊರಗೆ ಬಂದು, ಟರ್ಮಿನಲ್ ಬೇರೆಯಾಗಿದ್ದರೆ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಮತ್ತೆ ಚೆಕ್ ಇನ್ ಮಾಡಿ, ಮತ್ತೆ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ಟಿಕೆಟ್ ಮೇಲೆ ಟಿ1 ಎಂದಿದೆಯೋ ಟಿ2 ಎಂದಿದೆಯೋ ಎಂಬುದನ್ನು ಮನೆಯಲ್ಲೇ ನೋಡಿಕೊಳ್ಳಿ. ನಾನು ಒಮ್ಮೆ ಹೀಗೆ ಎರಡು ಟಿಕೆಟ್ ನಂಬಿಕೊಂಡು ಹೊರಟಿದ್ದೆ. ಮೊದಲ ವಿಮಾನ 50 ನಿಮಿಷ ತಡವಾಗಿ ಇಳಿಯಿತು. ಬೆಲ್ಟಿನ ಮೇಲೆ ಊರಿನವರೆಲ್ಲರ ಪೆಟ್ಟಿಗೆಗಳು ಬಂದು ಹೋದವು, ಹಗ್ಗ ಬಿಗಿದ ಒಂದು ಜೋಳದ ಹಿಟ್ಟಿನ ಚೀಲ ಮೂರು ಸುತ್ತು ಸುತ್ತಿತು, ನನ್ನ ನೀಲಿ ಪೆಟ್ಟಿಗೆ ಮಾತ್ರ ಕೊನೆಗೆ ಬಂತು. ಎರಡನೆಯ ಕೌಂಟರಿಗೆ ಓಡಿದಾಗ ಅದು ಮುಚ್ಚಿ ಎಂಟು ನಿಮಿಷವಾಗಿತ್ತು. ಅಲ್ಲಿನ ಹುಡುಗಿ ನಯವಾಗಿಯೇ, "ಸರ್, ನಿಮ್ಮ ಹಿಂದಿನ ವಿಮಾನಕ್ಕೂ ನಮಗೂ ಸಂಬಂಧವಿಲ್ಲ" ಎಂದಳು. ನಿಯಮದ ಪ್ರಕಾರ ಅವಳ ಮಾತು ಸರಿಯಾಗಿತ್ತು. ಆ ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ಹೋದೆ.

ಆದ್ದರಿಂದ ಎರಡು ಪ್ರತ್ಯೇಕ ಟಿಕೆಟ್‌ಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ಹಾಗೆ ಇಟ್ಟುಕೊಂಡಾಗ ಬೀದರಿನ ಮನೆಯಿಂದ ಶಿವಮೊಗ್ಗದ ಮನೆಯವರೆಗೆ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ: ಮನೆ ಬಿಟ್ಟು ನಿಲ್ದಾಣದಲ್ಲಿ ಕಾಯುವುದಕ್ಕೆ ಎರಡು ಗಂಟೆ, ಮೊದಲ ಹಾರಾಟಕ್ಕೆ ಒಂದೂಕಾಲು, ಬೆಂಗಳೂರಿನಲ್ಲಿ ಮೂರರಿಂದ ಐದು, ಎರಡನೆಯ ಹಾರಾಟಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು, ಸೋಗಾನೆಯಲ್ಲಿ ಇಳಿದು ಊರು ಸೇರುವುದಕ್ಕೆ ಮುಕ್ಕಾಲು ಗಂಟೆ. ಎರಡು ವಿಮಾನಗಳ ವೇಳೆ ಒಂದೇ ದಿನದಲ್ಲಿ ಹೊಂದದಿದ್ದರೆ ಈ ದಾರಿಯನ್ನು ಕೈಬಿಡುವುದೇ ಲೇಸು. ಬೆಂಗಳೂರಿನಲ್ಲಿ ರಾತ್ರಿ ತಂಗುವ ಖರ್ಚು ಮತ್ತು ಶ್ರಮಕ್ಕೆ ರೈಲೇ ವಾಸಿ.

ಹೈದರಾಬಾದಿನ ಮೂಲಕ

ಭೂಪಟದಲ್ಲಿ ಕಣ್ಣಿಗೆ ಬೀಳದ ಒಂದು ಸಂಗತಿ ಇಲ್ಲಿದೆ. ಶಿವಮೊಗ್ಗದಿಂದ ಬೀದರಿಗೆ ನೇರ ದೂರ 490 ಕಿ.ಮೀ. ಆದರೆ, ಶಿವಮೊಗ್ಗದಿಂದ ಹೈದರಾಬಾದಿನ ಶಂಶಾಬಾದ್ ನಿಲ್ದಾಣಕ್ಕೆ 480 ಕಿ.ಮೀ. ಎರಡೂ ಹೆಚ್ಚುಕಡಿಮೆ ಒಂದೇ. ಶಿವಮೊಗ್ಗದಿಂದ ಹೈದರಾಬಾದಿಗೆ ನೇರ ವಿಮಾನಗಳು ಓಡಿವೆ. ಬೀದರಿನಿಂದ ಶಂಶಾಬಾದಿಗೆ ರಸ್ತೆಯಲ್ಲಿ ಸುಮಾರು 150 ಕಿ.ಮೀ. ಬೀದರಿನವರು ವಿದೇಶಕ್ಕಾಗಲಿ ದೆಹಲಿಗಾಗಲಿ ಹೋಗುವಾಗ ಬಳಸುವುದು ಈ ನಿಲ್ದಾಣವನ್ನೇ. ಜಹೀರಾಬಾದಿನಲ್ಲಿ ಹೆದ್ದಾರಿ 65ಕ್ಕೆ ಸೇರಿ, ಸಂಗಾರೆಡ್ಡಿ ದಾಟಿ, ನಗರದೊಳಗೆ ಸಿಕ್ಕಿಕೊಳ್ಳದೆ ಹೊರವರ್ತುಲ ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಮೂರು ಗಂಟೆ, ಬೀದರಿನ ಭಾಷೆಯಲ್ಲಿ ಮೂರು ತಾಸು, ಸಾಕು.

ಒಟ್ಟು ಲೆಕ್ಕ ಹೀಗಾಗುತ್ತದೆ: ಕಾರಿನಲ್ಲಿ ಮೂರರಿಂದ ಮೂರೂವರೆ ಗಂಟೆ, ನಿಲ್ದಾಣದಲ್ಲಿ ಒಂದೂವರೆಯಿಂದ ಎರಡು, ಹಾರಾಟಕ್ಕೆ ವಿಮಾನವನ್ನು ಅವಲಂಬಿಸಿ ಒಂದು ಗಂಟೆ ಐದು ನಿಮಿಷದಿಂದ ಒಂದೂವರೆ, ಕೊನೆಗೆ ಮುಕ್ಕಾಲು. ಆರು ಗಂಟೆ ಇಪ್ಪತ್ತು ನಿಮಿಷದಿಂದ ಏಳೂಮುಕ್ಕಾಲು ಗಂಟೆಯಲ್ಲಿ ನೀವು ಶಿವಮೊಗ್ಗದಲ್ಲಿರುತ್ತೀರಿ. ಊರಿನಲ್ಲೇ ವಿಮಾನ ನಿಲ್ದಾಣ ಇಟ್ಟುಕೊಂಡು 150 ಕಿ.ಮೀ. ಹಿಮ್ಮುಖವಾಗಿ, ಅದೂ ಇನ್ನೊಂದು ರಾಜ್ಯಕ್ಕೆ ಹೋಗುವುದು ವಿಚಿತ್ರವೆನಿಸಿದರೂ, ಕೈಯಲ್ಲಿರುವುದು ಒಂದೇ ಟಿಕೆಟ್, ತಪ್ಪಿಹೋಗಲು ಎರಡನೆಯ ವಿಮಾನವೇ ಇಲ್ಲ ಎಂಬ ಕಾರಣಕ್ಕೆ ನಾನು ಇದನ್ನೇ ಮೊದಲ ಆಯ್ಕೆ ಎನ್ನುತ್ತೇನೆ. ಕಾರಿನ ಬಾಡಿಗೆ ಒಬ್ಬರಿಗೆ ಭಾರವಾಗುತ್ತದೆ. ಮೂವರು ಹಂಚಿಕೊಂಡರೆ ಹಗುರ. ಈ ವಿಮಾನ ಪ್ರತಿದಿನವೂ ಇರುವುದೆಂದು ಭಾವಿಸದೆ, ನೀವು ಹೊರಡುವ ವಾರದ ದಿನ ಅದು ಇದೆಯೇ ಎಂದು ನೋಡಿಯೇ ಮುಂದಿನ ಹೆಜ್ಜೆ ಇಡಬೇಕು.

ಇಲ್ಲಿ ನೇರ ದೂರದ ಬಗ್ಗೆ ಒಂದು ಅಡ್ಡಮಾತು. ಬೀದರ್ ಮತ್ತು ಶಂಶಾಬಾದ್ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 124 ಕಿ.ಮೀ. ಹೈದರಾಬಾದ್ ನಿಲ್ದಾಣವನ್ನು ಕಟ್ಟಿಸಿದಾಗ ಮಾಡಿಕೊಂಡ ಒಪ್ಪಂದದಲ್ಲಿ, ಅದರ 150 ಕಿ.ಮೀ. ವಾಯುದೂರದೊಳಗೆ 25 ವರ್ಷಗಳ ಕಾಲ ಬೇರೆ ನಿಲ್ದಾಣ ಬರಬಾರದೆಂಬ ಷರತ್ತು ಇತ್ತು. ಬೀದರಿನ ಟರ್ಮಿನಲ್ ವರ್ಷಗಟ್ಟಲೆ ಕಾದದ್ದಕ್ಕೆ ಈ 26 ಕಿ.ಮೀ. ಕೊರತೆಯೂ ಒಂದು ಕಾರಣ. ಸಣ್ಣ ಊರುಗಳಿಗೆ ಅಗ್ಗದ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆ ತನ್ನ ಮೊದಲ ಹಂತದಲ್ಲಿ ಅಳತೆಗೋಲಾಗಿ ಇಟ್ಟುಕೊಂಡದ್ದು ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟ, ಅದಕ್ಕೆ 2,500 ರೂಪಾಯಿಯ ಮಿತಿ. ಬೀದರ್-ಶಿವಮೊಗ್ಗ ಆ ಅಳತೆಗೆ ಹೊಲಿಸಿದ ಅಂಗಿಯಂತೆ ಹೊಂದುತ್ತದೆ. ಆದರೆ ದಿನಕ್ಕೆ 70-80 ಆಸನ ತುಂಬುವಷ್ಟು ಜನ ಈ ಎರಡು ಊರುಗಳ ನಡುವೆಯೇ ಹಾರುತ್ತಾರೆಂದು ಯಾವ ವಿಮಾನ ಸಂಸ್ಥೆಯೂ ನಂಬುವುದು ಕಷ್ಟ, ಮತ್ತು ಆ ಅನುಮಾನವನ್ನು ನಾನೂ ತಳ್ಳಿಹಾಕಲಾರೆ.

ರೈಲು

ರೈಲಿನ ಬಗ್ಗೆ ಹೇಳುವುದು ಕಡಿಮೆ. ಸಂಜೆ ಬೀದರಿನಲ್ಲಿ ಯಶವಂತಪುರದ ರೈಲು ಹತ್ತಿ, 13-14 ಗಂಟೆ ಪಯಣಿಸಿ ಬೆಳಿಗ್ಗೆ ಇಳಿದು, ಅಲ್ಲಿಂದ ತುಮಕೂರು, ಅರಸೀಕೆರೆ, ಬೀರೂರು, ಭದ್ರಾವತಿ ಮಾರ್ಗವಾಗಿ ಐದು ಗಂಟೆಯಲ್ಲಿ ಶಿವಮೊಗ್ಗ ಮುಟ್ಟಬಹುದು. ನಡುವಿನ ಕಾಯುವಿಕೆ ಸೇರಿ 20-21 ಗಂಟೆ. ಇಷ್ಟು ಹೊತ್ತೇ ಎಂದು ಹುಬ್ಬೇರಿಸುವ ಮೊದಲು, ಅದರಲ್ಲಿ ಎಂಟು ಗಂಟೆ ನೀವು ಮಲಗಿಯೇ ಇರುತ್ತೀರಿ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜಿಗೆ ಮಾತ್ರ ಅವಕಾಶವಿರುವುದರಿಂದ, ಹಾಸಿಗೆ-ಪಾತ್ರೆಗಳೊಂದಿಗೆ ಹಾಸ್ಟೆಲಿಗೆ ಹೊರಟ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಂಡಿನೋವಿನ ಹಿರಿಯರಿಗೂ ಕಾಲು ಚಾಚಿ ಮಲಗುವ ಕೆಳಗಿನ ಬರ್ತ್ ಸಿಕ್ಕರೆ, ಹನ್ನೆರಡು ಗಂಟೆ ಕಾರಿನಲ್ಲಿ ಕೂರುವುದಕ್ಕಿಂತ ಅದೇ ಮೇಲು.

ರಸ್ತೆ

ರಸ್ತೆಯ ದೂರ, ಹಿಡಿಯುವ ದಾರಿಗೆ ತಕ್ಕಂತೆ, 570ರಿಂದ 600 ಕಿ.ಮೀ. ನೇರ ದೂರಕ್ಕಿಂತ ಐದನೆಯ ಒಂದು ಭಾಗ ಮಾತ್ರ ಹೆಚ್ಚು. ಅಡ್ಡಲಾಗಿ ಘಟ್ಟಗಳಿಲ್ಲದ ಬಯಲು ಸೀಮೆಯಾದ್ದರಿಂದ ರಸ್ತೆ ನಾವು ಆರಂಭದಲ್ಲಿ ಹಿಡಿದ ದಾರಕ್ಕೆ ಬಹುಮಟ್ಟಿಗೆ ಅಂಟಿಕೊಂಡೇ ಸಾಗುತ್ತದೆ. ಹುಮನಾಬಾದ್, ಕಲಬುರಗಿ ದಾಟಿ, ಭೀಮೆಯಾಚೆಯ ಜೇವರ್ಗಿಯಲ್ಲಿ ಹೆದ್ದಾರಿ 150ಎ ಹಿಡಿದು, ಶಹಾಪುರ, ಸುರಪುರದ ಮೂಲಕ ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಸಿಂಧನೂರು, ಹೊಸಪೇಟೆಗಳ ಮೇಲೆ ದಾವಣಗೆರೆ ಸೀಮೆಗೆ ಇಳಿಯುವುದು ಒಂದು ದಾರಿ. ವಿಜಯಪುರದ ಕಡೆಯಿಂದ ಬಂದು ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ ಮುಟ್ಟುವ ಹೆದ್ದಾರಿ 50 ಇನ್ನೊಂದು; ಅಲ್ಲಿ ದಾರಿ ಉದ್ದವಾದರೂ ರಸ್ತೆ ಅಗಲ. ಊಟ, ಚಹಾ ಸೇರಿ ಹನ್ನೊಂದರಿಂದ ಹನ್ನೆರಡು ಗಂಟೆ ಬೇಕು.

ಇದನ್ನು ಬೆಂಗಳೂರಿನ ವಿಮಾನದ ಹತ್ತು ಗಂಟೆಯೊಂದಿಗೆ ಹೋಲಿಸಿದರೆ ಅಂತರ ಕೇವಲ ಒಂದೆರಡು ಗಂಟೆ. ಮನೆಯಲ್ಲಿ ಕಾರಿದ್ದು, ನಾಲ್ವರು ಹೊರಟಿದ್ದು, ಓಡಿಸುವವರು ಇಬ್ಬರಿದ್ದರೆ ರಸ್ತೆಯೇ ಅಗ್ಗ ಮತ್ತು ಸ್ವತಂತ್ರ. ಒಬ್ಬರೇ ಚಾಲಕರಿದ್ದರೆ ಹೊಸಪೇಟೆಯಲ್ಲಿ ರಾತ್ರಿ ಉಳಿದು, ಮರುದಿನ ಬೆಳಿಗ್ಗೆ ಹೊರಡುವುದು ಒಳ್ಳೆಯದು. ಬಸ್ಸಿನಲ್ಲಿ ಹೋಗುವವರು ನೇರ ಸ್ಲೀಪರ್ ಸಿಗದಿದ್ದಲ್ಲಿ ಹೊಸಪೇಟೆಯಲ್ಲೋ ಚಿತ್ರದುರ್ಗದಲ್ಲೋ ಬಸ್ಸು ಬದಲಿಸಬಹುದು. ಎರಡೂ ದೊಡ್ಡ ಕೂಡುದಾರಿಗಳು, ರಾತ್ರಿಯಲ್ಲೂ ಜನರಿರುತ್ತಾರೆ.

ಟಿಕೆಟ್ ತೆಗೆಯುವ ಮುನ್ನ

ಹುಡುಕುವಾಗ ಊರಿನ ಹೆಸರಿಗಿಂತ ನಿಲ್ದಾಣದ ಸಂಕೇತವನ್ನು ನಂಬುವುದು ಮೇಲು: ಬೀದರಿಗೆ ಐಎಕ್ಸ್‌ಎಕ್ಸ್, ಶಿವಮೊಗ್ಗಕ್ಕೆ ಆರ್‌ಕ್ಯುವೈ. ಹಳೆಯ ಕಾಗುಣಿತದ ಶಿಮೊಗ್ಗ ಎಂದು ಬರೆದರೆ ಕೆಲವು ಕಡೆ ಏನೂ ಸಿಗುವುದಿಲ್ಲ, ವಿಮಾನವೇ ಇಲ್ಲವೆಂದು ನೀವು ತಿಳಿದುಕೊಳ್ಳುತ್ತೀರಿ. ಇನ್ನೊಂದು, ಕೆಲವು ಜಾಲತಾಣಗಳು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯದೆ ಊರ ನಡುವಿನಿಂದ ಊರ ನಡುವಿಗೆ ಅಳೆಯುತ್ತವೆ. ಐದು ಹತ್ತು ಕಿ.ಮೀ. ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ.

ಶಿವಮೊಗ್ಗದಿಂದ ಬೀದರಿಗೆ ಹಿಂದಿರುಗುವಾಗ ಹೈದರಾಬಾದ್ ದಾರಿಯ ಗುಣ ಇನ್ನೂ ಹೆಚ್ಚುತ್ತದೆ, ಏಕೆಂದರೆ ಆಗ ಮೊದಲು ಬರುವುದು ವಿಮಾನ, ಕೊನೆಯಲ್ಲಿ ಬರುವುದು ಕಾರು. ವಿಮಾನ ಎರಡು ಗಂಟೆ ತಡವಾದರೂ ಕಾರು ಬಿಟ್ಟುಹೋಗುವುದಿಲ್ಲ, ಹೆಚ್ಚೆಂದರೆ ಚಾಲಕ ಶಂಶಾಬಾದಿನ ಪಾರ್ಕಿಂಗ್‌ನಲ್ಲಿ ಇನ್ನೊಂದು ಚಹಾ ಕುಡಿಯುತ್ತಾನೆ, ಕಾದದ್ದಕ್ಕೆ ತುಸು ಹೆಚ್ಚು ಕೇಳುತ್ತಾನೆ. ಅದೇ ಬೀದರಿನಿಂದ ಹೋಗುವಾಗ, ಸಂಗಾರೆಡ್ಡಿಯ ಬಳಿ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡವರಿಗಾಗಿ ವಿಮಾನ ಕಾಯುವುದಿಲ್ಲ; ಆದ್ದರಿಂದ ಹೋಗುವ ದಿನ ಮಾತ್ರ ಮೂರು ತಾಸಿನ ದಾರಿಗೆ ನಾಲ್ಕು ತಾಸು ಇಟ್ಟುಕೊಂಡು ಹೊರಡಿ.